10 ವರ್ಷದೊಳಗಿನ ಹುಡುಗರ ಲಕ್ರಾಸ್ ತಂಡಕ್ಕೆ ಮೊದಲ ಸಲ ಕೋಚ್: ಶುರು ಎಲ್ಲಿಂದ?

ಲಾಂಗ್‌ಪೋಲ್_ಕನ್ನಡಿಗ:
ನಮಸ್ಕಾರ. ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಓದ್ತಿದೀನಿ, ಕಾಲೇಜು ಲಕ್ರಾಸ್ (ಬಲೆ ಕಟ್ಟಿದ ಕೋಲಲ್ಲಿ ಚೆಂಡು ಹಿಡಿದು ಎಸೆದು ಗೋಲು ಹೊಡೆಯೋ ಆಟ) ತಂಡದಲ್ಲಿ ಡಿಫೆನ್ಸ್. ಈ ಸೀಸನ್‌ಗೆ ಇಲ್ಲಿನ ಲೀಗಿನ 10 ವರ್ಷದೊಳಗಿನ ಹುಡುಗರ ತಂಡದ ಹೊಣೆ ಸಿಕ್ಕಿದೆ. 16 ಮಕ್ಕಳು, ಅರ್ಧ ಜನ ಸ್ಟಿಕ್ ಹಿಡಿಯೋದೇ ಮೊದಲು. ವಾರಕ್ಕೆ 2 ಪ್ರಾಕ್ಟೀಸ್, ತಲಾ 75 ನಿಮಿಷ, ಅರ್ಧ ಮೈದಾನ. ನಮ್ಮ ತಂಡದ ಲೈನ್ ಡ್ರಿಲ್ ಇಲ್ಲಿ ನಡೀತಿಲ್ಲ, ಚೆಂಡು ನೆಲದಲ್ಲೇ ಇರುತ್ತೆ, ಸಾಲಲ್ಲಿ ನಿಂತವರು ಸ್ಟಿಕ್ಕಲ್ಲಿ ಕತ್ತಿವರಸೆ ಆಡ್ತಾರೆ. ಏನನ್ನ ಮೊದಲು ಹೇಳಿಕೊಡೋದು? ಚೆಕ್ (ಎದುರಾಳಿಯ ಸ್ಟಿಕ್‌ಗೋ ಮೈಗೋ ಬಡಿದು ಚೆಂಡು ಬಿಡಿಸೋದು) ಮಾಡೋದು ಯಾವಾಗ?

ಗೋಡೆ_ಚೆಂಡು:
ಲೈನ್ ಡ್ರಿಲ್ ಬಿಟ್ಟುಬಿಡಿ. ಲೆಕ್ಕ ಹಾಕಿ: ಎದುರುಬದುರು ಎರಡು ಸಾಲು, 16 ಮಕ್ಕಳು, ಒಂದು ಚೆಂಡು. ಪಾಸಿಗೆ 5 ಸೆಕೆಂಡ್ ಅಂದ್ರೂ ಒಬ್ಬನ ಸರದಿ ಮತ್ತೆ ಬರೋಕೆ 80 ಸೆಕೆಂಡ್. 10 ನಿಮಿಷಕ್ಕೆ ಏಳೆಂಟು ಚೆಂಡು, ಅಷ್ಟೇ. ಕಾಲೇಜಲ್ಲಿ ಅದು ನಡೆಯೋದು ಚೆಂಡು ಕೆಳಗೆ ಬೀಳಲ್ಲ ಅಂತ. ಇಲ್ಲಿ ಇಬ್ಬಿಬ್ಬರ ಜೋಡಿ ಮಾಡಿ, ಮಧ್ಯೆ 5 ಗಜ, ಪ್ರತಿಯೊಬ್ಬನ ಕಾಲ ಹತ್ತಿರ 3 ಚೆಂಡು. ತಪ್ಪಿದ್ದರ ಹಿಂದೆ ಓಡೋ ಹಾಗಿಲ್ಲ, ಪಕ್ಕದಲ್ಲಿರೋದನ್ನ ತಗೊಂಡು ಎಸೀಬೇಕು. ಎಲ್ಲಾ ಮುಗಿದ ಮೇಲೆ ಒಟ್ಟಿಗೆ ಆರಿಸಿಕೊಂಡು ಬರಲಿ. ಚೆಂಡಿಗೆ ಹೆದರೋ ಮಕ್ಕಳಿಗೆ ಹಿಡಿಯೋದನ್ನ ಟೆನಿಸ್ ಚೆಂಡಲ್ಲಿ ಕಲಿಸಿ. ಎಸೆಯೋದನ್ನ ಮಾತ್ರ ಅದರಲ್ಲಿ ಬೇಡ: ಲಕ್ರಾಸ್ ಚೆಂಡು 145 ಗ್ರಾಂ ಹತ್ತಿರ, ಟೆನಿಸ್ ಚೆಂಡು ಅದರ ಅರ್ಧಕ್ಕಿಂತ ಕಮ್ಮಿ, ಪಾಕೆಟ್ಟಲ್ಲಿ (ಬಲೆಯ ತಗ್ಗಲ್ಲಿ) ಕೂರೋದೇ ಇಲ್ಲ.

ಆದ್ರೆ ಪಾಸಿಗಿಂತ ಮೊದಲು ಗ್ರೌಂಡ್ ಬಾಲ್. ಈ ವಯಸ್ಸಲ್ಲಿ ಮ್ಯಾಚ್ ಗೆಲ್ಲೋದು ನೆಲದ ಚೆಂಡು ಎತ್ತೋ ತಂಡ. ಮಕ್ಕಳು ನಿಂತಲ್ಲೇ ನಿಂತು, ಸ್ಟಿಕ್ಕಿನ ಹೆಡ್ಡನ್ನ (ಬಲೆ ಕಟ್ಟಿರೋ ತುದಿ) ಚೆಂಡಿನ ಮೇಲಿಟ್ಟು ಕೋಳಿ ಕೆದಕಿದ ಹಾಗೆ ತಮ್ಮ ಕಡೆಗೆ ಎಳೀತಾರೆ. ಅಷ್ಟೊತ್ತಿಗೆ ಇನ್ನೊಬ್ಬ ಬಂದು ಕಾಲಲ್ಲಿ ಒದ್ದಿರ್ತಾನೆ. ಸರಿಯಾದ್ದು ಸಲಿಕೆಯಲ್ಲಿ ಮರಳು ಬಾಚೋ ಹಾಗೆ: ಮಂಡಿ ಬಗ್ಗಿಸಿ, ಎರಡೂ ಕೈ ಸ್ಟಿಕ್ ಮೇಲೆ, ಕೆಳಗಿನ ಕೈ ಗೆಣ್ಣು ಹುಲ್ಲಿಗೆ ತಾಗುವಷ್ಟು ತಗ್ಗಲ್ಲಿ, ಪಾದ ಚೆಂಡಿನ ಪಕ್ಕಕ್ಕೆ. ಹೆಡ್ಡು ಚೆಂಡಿಗಿಂತ ಒಂದೆರಡು ಇಂಚು ಹಿಂದೆ ನೆಲ ಸವರಬೇಕು. ಬಾಚಿದ ಮೇಲೂ ಐದು ಹೆಜ್ಜೆ ಓಟ ನಿಲ್ಲಬಾರದು. ಕೆಳಗಿನ ಕೈ ಮೇಲಿದ್ರೆ ಸ್ಟಿಕ್ ಕಡಿದಾಗಿ ನಿಂತು ಚೆಂಡಿನ ತಲೆಗೆ ಬಡಿಯುತ್ತೆ, ಅದು ಮುಂದಕ್ಕೆ ಉರುಳುತ್ತೆ. ಹತ್ತರಲ್ಲಿ ಒಂಬತ್ತು ಸಲ ತಪ್ಪು ಇದೇ, ಬೇರೇನನ್ನೂ ತಿದ್ದೋಕೆ ಹೋಗಬೇಡಿ.

75 ನಿಮಿಷನ ಹೀಗೆ ಒಡೆಯಬಹುದು: ಸ್ಟಿಕ್ಕಲ್ಲಿ ಚೆಂಡಿಟ್ಟುಕೊಂಡು ಮುಟ್ಟಾಟ 10, ಗ್ರೌಂಡ್ ಬಾಲ್ 15, ಜೋಡಿ ಪಾಸ್ 15, ನೀರು 5, ಒಬ್ಬನಿಗೊಬ್ಬ 10, ಕೊನೇ 20 ಚಿಕ್ಕ ಅಂಕಣದಲ್ಲಿ ಮೂವರಿಗೆ ಮೂವರು. 16 ಮಕ್ಕಳಿಗೆ ಎರಡು ಅಂಕಣ ಹಾಕಿ, ಪ್ರತಿ ಅಂಕಣದಲ್ಲಿ ಇಬ್ಬರಷ್ಟೇ ಹೊರಗೆ. ಮಾತು ಒಂದು ಸಲಕ್ಕೆ 30 ಸೆಕೆಂಡ್ ದಾಟಬಾರದು.

ಮೆಶ್_ಕಟ್ಟೋನು:
ಹಿಡಿಯೋಕೆ ಬರಲ್ಲ ಅಂತ ಮಗೂನ ಬೈಯೋ ಮೊದಲು ಸ್ಟಿಕ್ ಕೈಗೆ ತಗೊಂಡು ನೋಡಿ ಗುರು. ಹೊಸ ಮಕ್ಕಳ ಸ್ಟಿಕ್ಕಿನ ಮೆಶ್ (ಬಲೆ) ಎಷ್ಟೋ ಸಲ ತಮಟೆ ಥರ ಬಿಗಿಯಾಗಿರುತ್ತೆ. ಕಾಲೇಜು ಆಟಗಾರನೇ ಹಿಡಿದ್ರೂ ಚೆಂಡು ಪುಟಿಯುತ್ತೆ.

ಪರೀಕ್ಷೆ ಇಷ್ಟೇ: ಚೆಂಡು ಒಳಗಿಟ್ಟು ಹೆಡ್ಡನ್ನ ಕಣ್ಣಿನ ಮಟ್ಟಕ್ಕೆ ಅಡ್ಡ ಹಿಡೀರಿ. ಚೆಂಡಿನ ಮೇಲ್ಭಾಗ ಸೈಡ್‌ವಾಲಿನ (ಹೆಡ್ಡಿನ ಪಕ್ಕದ ಗೋಡೆ) ಕೆಳ ಅಂಚಿಗಿಂತ ಕೆಳಗೆ ಹೋದ್ರೆ ಆ ಸ್ಟಿಕ್ ನಿಯಮಬಾಹಿರ. ಚೆಂಡು ಅರ್ಧಕ್ಕೂ ಕೆಳಗೆ ಜೋತು ಬೀಳದಿದ್ರೆ ಹೊಸಬರಿಗೆ ಆಳ ಸಾಲದು. ಸಾಲದಿದ್ರೆ ಬಾಟಮ್ ಸ್ಟ್ರಿಂಗಿನ (ಮೆಶ್ಶನ್ನ ಹೆಡ್ಡಿನ ಬುಡಕ್ಕೆ ಕಟ್ಟೋ ದಾರ) ಗಂಟು ಬಿಚ್ಚಿ ಅರ್ಧ ಇಂಚು ಸಡಿಲ ಬಿಡಿ, ಇನ್ನೊಂದು ಚೆಂಡಿಂದ ಐದು ನಿಮಿಷ ಗುದ್ದಿ, ಒಳಗೆ ಚೆಂಡಿಟ್ಟು ದಾರದಲ್ಲಿ ಬಿಗಿದು ರಾತ್ರಿ ಬಿಡಿ.

ಎಸೆದ ಚೆಂಡು ಹೋದ ದಾರಿ ನೋಡಿದ್ರೂ ಕಾಯಿಲೆ ಗೊತ್ತಾಗುತ್ತೆ. ಪ್ರತಿ ಸಲ ಮುಂದೆ ನೆಲಕ್ಕೆ ಕುಕ್ಕಿದ್ರೆ ಶೂಟಿಂಗ್ ಸ್ಟ್ರಿಂಗ್ (ಹೆಡ್ಡಿನ ತುದಿ ಹತ್ರ ಮೆಶ್ಶಿಗೆ ಅಡ್ಡ ಹೆಣೆದ ದಾರ) ಚೆಂಡನ್ನ ತಡೀತಿದೆ, ಒಂದನ್ನ ಸಡಿಲಿಸಿ. ಸ್ಟಿಕ್ ಸರಿಯಿದ್ದೂ ಎದುರಿನವನ ತಲೆ ಮೇಲೆ ಹೋದ್ರೆ ಅದು ಕೈಯದು: ಚೆಂಡು ಬೇಗ ಬಿಡ್ತಿದಾನೆ, ಕೆಳಗಿನ ಕೈಯನ್ನ ಎಳೀತಿಲ್ಲ. ಮಳೆಯಲ್ಲಿ ನೆನೆದ ಮೆಶ್ ಹಿಗ್ಗಿರಬಹುದು, ಮರುದಿನ ಮತ್ತೆ ನೋಡಿ.

ಉದ್ದ: ಈ ವಯಸ್ಸಿಗೆ 37ರಿಂದ 42 ಇಂಚು. ಅಣ್ಣನ ಸ್ಟಿಕ್ ತಂದಿರೋ ಪುಟ್ಟವನಿಗೆ ಹ್ಯಾಕ್ಸಾದಲ್ಲಿ ಕೊಯ್ದು 37ಕ್ಕೆ ಇಳಿಸಬಹುದು. ಕೊಯ್ದ ಮೇಲೆ ತುದಿಗೆ ಎಂಡ್ ಕ್ಯಾಪ್ ಹಾಕದೆ ಮೈದಾನಕ್ಕೆ ಬಿಡಬೇಡಿ, ಅಲ್ಯೂಮಿನಿಯಂ ಅಂಚು ಬ್ಲೇಡ್ ಇದ್ದ ಹಾಗೆ.

ಶನಿವಾರದ_ರೆಫರಿ:
ತಮ್ಮಾ, ಚೆಕ್ ಸದ್ಯಕ್ಕ ಬ್ಯಾಡ. ಯುಎಸ್‌ಎ ಲಕ್ರಾಸ್ (ಅಮೆರಿಕದಾಗ ಈ ಆಟ ನೋಡ್ಕೊಳ್ಳೂ ಸಂಸ್ಥೆ) ನಿಯಮದಾಗ 12 ವರ್ಷದ ಒಳಗಿನವರಿಗೆ ಬಾಡಿ ಚೆಕ್ ಇಲ್ಲ. ಒಂದ ಕೈಲೆ ಸ್ಟಿಕ್ ಬೀಸಿದ್ರೂ ಫೌಲ್. 10 ವರ್ಷದ ಒಳಗ ಆಟ ಏಳು ಮಂದಿಗೆ ಏಳು ಮಂದಿ, ನಿಮ್ಮ ಆರಡಿ ಪೋಲ್ (ಡಿಫೆನ್ಸಿನವ್ರ ಉದ್ದನ ಸ್ಟಿಕ್) ಕಾರಿನಾಗ ಇರ್ಲಿ. ಕಲಿಸೂದು ಕಾಲು: ಚೆಂಡು ಇದ್ದವನ ಹತ್ರ ಓಡಿಹೋಗಿ, ಒಂದು ಸ್ಟಿಕ್ ದೂರದಾಗ ಹೆಜ್ಜಿ ಸಣ್ಣ ಮಾಡಿ, ಅಡ್ಡ ಸರಕೊಂಡು ಗೋಲಿನಿಂದ ಹೊರಗ ಹಾದಿ ತೋರಿಸೂದು. ಎರಡೂ ಕೈ ಸ್ಟಿಕ್ ಮ್ಯಾಲೆ. ಇಷ್ಟು ಬಂದ್ರ ಕಟಗಿ ಕಡಿದಂಗ ಬಡಿಯೂದು ತಾನ ನಿಲ್ತದ.

ಇನ್ನ ಸಾಮಾನು. ಶೋಲ್ಡರ್ ಪ್ಯಾಡಿನ ಮ್ಯಾಲೆ ನಾಕ್ಸಿ (NOCSAE, ಆಟದ ಸಾಮಾನಿನ ಸುರಕ್ಷತಾ ಮಟ್ಟ ಗೊತ್ತುಮಾಡೂ ಅಮೆರಿಕದ ಸಂಸ್ಥೆ) ಎನ್‌ಡಿ200 ಗುರುತು ಐತೇನು ನೋಡ್ರಿ. ಗೋಲಿಗಳಿಗೆ (ಗೋಲ್‌ಕೀಪರ್) 2021ರಿಂದ, ಉಳಿದವ್ರಿಗೆ 2022ರಿಂದ ಕಡ್ಡಾಯ. ಅಣ್ಣನ ಹಳೇ ಪ್ಯಾಡ್ ಹಾಕ್ಕೊಂಡು ಬಂದವ್ರ ಹತ್ರ ಇದು ಇರದೇ ಇರಬಹುದು. ಯಾಕಂದ್ರ ಚೆಂಡು ಎದಿಗೆ ತಪ್ಪು ಕ್ಷಣದಾಗ ಬಡದ್ರ ಆರೋಗ್ಯದ ಹುಡುಗನ ಹೃದಯನೂ ನಿಲ್ಲಬಹುದು. ಪ್ಯಾಡ್ ಆ ಅಪಾಯ ಕಮ್ಮಿ ಮಾಡ್ತದ, ಪೂರಾ ತೆಗೆಯೂದಿಲ್ಲ. ಅದಕ್ಕ ಮೈದಾನದ ಎಇಡಿ (ನಿಂತ ಹೃದಯಕ್ಕ ಕರೆಂಟ್ ಶಾಕ್ ಕೊಡೂ ಯಂತ್ರ) ಪೆಟ್ಟಿಗಿ ಎಲ್ಲೈತಿ, ಬೀಗದ ಕೈ ಯಾರ ಹತ್ರ ಐತಿ, ಮೊದಲ ದಿನಾನ ಕೇಳಿಟ್ಕೊಳ್ರಿ. ಗುಡುಗು ಕೇಳಿದ್ರ ಎಲ್ಲಾರನ್ನೂ ಒಳಗ ಕಳಸ್ರಿ, ಕಡೇ ಗುಡುಗಿನ ಮ್ಯಾಲೆ 30 ನಿಮಿಷ ಎಣಿಸ್ರಿ.

ಲಾಂಗ್‌ಪೋಲ್_ಕನ್ನಡಿಗ:
ತುಂಬಾ ಥ್ಯಾಂಕ್ಸ್. ಗೋಲಿ ಆಗೋಕೆ ಯಾರೂ ಮುಂದೆ ಬರ್ತಿಲ್ಲ, ಅದಕ್ಕೇನು ಮಾಡೋದು? ಮತ್ತೆ ಸ್ಟೋರ್‌ರೂಮಲ್ಲಿ ಹಳೇ ಚೆಂಡಿನ ಎರಡು ಬಕೆಟ್ ಇದೆ, ಅದನ್ನೇ ಬಳಸಬಹುದಾ?

ಗೋಡೆ_ಚೆಂಡು:
ಗೋಲಿ ಸರದಿ ಮಾಡಿ, ಪ್ರಾಕ್ಟೀಸಿಗೆ ಇಬ್ಬರು. ಮೊದಲ ಎರಡು ವಾರ ಟೆನಿಸ್ ಚೆಂಡಲ್ಲೇ ಶಾಟ್, ಅದೂ ನೀವು ಕೈಯಿಂದ ಎಸೆದದ್ದು. ಸ್ಟಿಕ್ ಇಲ್ಲದೆ, ಗ್ಲೌಸ್ ಕೈಯಲ್ಲಿ ಹಿಡೀಲಿ: ಮೇಲಿನ ಕೈ ಚೆಂಡಿನ ಕಡೆಗೆ, ಒಂದು ಹೆಜ್ಜೆ ಮುಂದಕ್ಕೆ. ಮುಖ ಪಕ್ಕಕ್ಕೆ ತಿರುಗಿಸೋದು ನಿಂತ ಮೇಲೇನೇ ಲಕ್ರಾಸ್ ಚೆಂಡು. ಕಾಲೇಜಿನ ಕೈಯಿಂದ ಜೋರು ಶಾಟ್ ಒಂದೂ ಬೇಡ.

ಬಕೆಟ್ ಸುರಿದು ಒಂದೊಂದನ್ನೂ ಬೆರಳಲ್ಲಿ ಒತ್ತಿ ಉಜ್ಜಿ ನೋಡಿ. ಮೈ ಒರಟಾಗಿದ್ರೆ ಇಟ್ಕೊಳ್ಳಿ. ಗಾಜಿನ ಗೋಲಿ ಥರ ಮಿರಿಮಿರಿ ಹೊಳೆದು ಜಾರಿದ್ರೆ ತೆಗೆದುಹಾಕಿ, ಅವು ಮೆಶ್ ಹಿಡಿಯಲ್ಲ. ಸ್ಟಿಕ್ ಸರಿ ಮಾಡಿದ ಮೇಲೂ ಚೆಂಡು ಜಾರ್ತಿದೆ ಅಂದ್ರೆ ಬಹುಪಾಲು ಇವೇ ಕಾರಣ.