ಮೊದಲ ವರ್ಷ ಅರಳಿದ ಹಳದಿ ಐರಿಸ್ ಮತ್ತೆ ಹೂ ಬಿಡುತ್ತಿಲ್ಲ, ಬೆಳೆಸಿದವರು ಹೇಳಿ

ಎಡಿನ್‌ಬರೊದಿಂದ ಪ್ರಶ್ನೆ: ಹೋದ ಫೆಬ್ರವರಿಯಲ್ಲಿ ನನ್ನ ಕುಂಡದಲ್ಲಿ ಡ್ಯಾನ್‌ಫರ್ಡಿಯೆ ಐರಿಸ್ ಅರಳಿತ್ತು. ಗೇಣುದ್ದವೂ ಇಲ್ಲದ ಗಿಡ, ಅರಿಶಿನ ಅರೆದು ಬಳಿದಂಥ ಬಣ್ಣ, ಬಗ್ಗಿ ಮೂಸಿದರೆ ಜೇನಿನ ವಾಸನೆ. ಈ ವರ್ಷ ಬರೀ ಹುಲ್ಲಿನಂಥ ಎಲೆ. ಎಲ್ಲಿ ತಪ್ಪಿದೆ?

ಲೀಡ್ಸ್‌ನಿಂದ: ತಪ್ಪು ನಿಮ್ಮದಲ್ಲ, ಅದರ ಹುಟ್ಟುಗುಣ. ಎಲೆ ಒಣಗಿದ ಮೇಲೆ ಒಂದು ಕಡೆ ಅಗೆದು ನೋಡಿ. ನಾನು ಅಗೆದಾಗ ನೆಟ್ಟ ಗೆಡ್ಡೆಯೇ ಇರಲಿಲ್ಲ. ಆ ಜಾಗದಲ್ಲಿ ನುಚ್ಚಕ್ಕಿ ಚೆಲ್ಲಿದಂತೆ ಮರಿಗಳು. ಒಮ್ಮೆ ಹೂ ಬಿಟ್ಟ ಗೆಡ್ಡೆ ಹೀಗೆ ಒಡೆದು ಮಕ್ಕಳಾಗಿಬಿಡುತ್ತದೆ. ಅವು ಮತ್ತೆ ಹೂ ಹೊರುವಷ್ಟು ದಪ್ಪವಾಗಲು ವರ್ಷಗಳೇ ಬೇಕು.

ಇದರ ತವರು ಟರ್ಕಿಯ ಟಾರಸ್ ಬೆಟ್ಟಗಳು. 1876ರಲ್ಲಿ ಶ್ರೀಮತಿ ಡ್ಯಾನ್‌ಫರ್ಡ್ ಅಲ್ಲಿಂದ ಸಂಗ್ರಹಿಸಿದ್ದರಿಂದ ಈ ಹೆಸರು. ಸಾವಿರ ಮೀಟರಿಗಿಂತ ಎತ್ತರದ ಆ ಇಳಿಜಾರುಗಳಲ್ಲಿ ಹಿಮ ಕರಗಿದ ನೀರು ಕುಡಿದು ಅರಳುತ್ತದೆ, ಬೇಸಿಗೆಯಿಡೀ ಕಾದ ಒಣ ನೆಲದಲ್ಲಿ ಮಲಗುತ್ತದೆ. ನಿಮ್ಮೂರಿನ ಜುಲೈ ಮಳೆ ಅದಕ್ಕೆ ಆಗಿಬರುವುದಿಲ್ಲ.

ನಾನು ಮಾಡಿದ್ದು ಇಷ್ಟು: ಅರ್ಧ ಮಣ್ಣು, ಅರ್ಧ ಸಣ್ಣ ಜಲ್ಲಿ ಬೆರೆಸಿ 15 ಸೆಂಟಿಮೀಟರ್ ಆಳದಲ್ಲಿ ನೆಟ್ಟೆ. ಆಳದಲ್ಲಿದ್ದರೆ ಒಡೆಯುವುದು ಕಡಿಮೆ ಎನ್ನುತ್ತಾರೆ. ಹೂ ಬಾಡಿದ ಮೇಲೆ ಎಲೆ ಮೊಣಕೈಯುದ್ದ ಬೆಳೆದು ಅಸಹ್ಯವಾಗಿ ಬೀಳುತ್ತದೆ. ಕತ್ತರಿಸಬೇಡಿ, ಗೆಡ್ಡೆ ತುಂಬುವುದೇ ಆಗ. ಅದು ಹಳದಿಯಾಗುವವರೆಗೆ ಟೊಮೆಟೊ ಗಿಡಕ್ಕೆ ಹಾಕುವ ಪೊಟ್ಯಾಶ್ ಹೆಚ್ಚಿರುವ ಗೊಬ್ಬರವನ್ನು ತೆಳ್ಳಗೆ ಕಲಸಿ ಕೊಟ್ಟೆ. ಜೂನ್‌ನಿಂದ ಕುಂಡವನ್ನು ಸೂರಿನ ಕೆಳಗೆ ಇಟ್ಟು ನೀರು ನಿಲ್ಲಿಸಿದೆ. ಮೂರನೆಯ ವರ್ಷ ಇಪ್ಪತ್ತಕ್ಕೆ ನಾಲ್ಕು ಹೂ ಬಂದವು. ಗೆದ್ದೆ ಎಂದು ಹೇಳಿಕೊಳ್ಳುವಂತಿಲ್ಲ.

ಲೈಡನ್‌ನಿಂದ: ಅಷ್ಟು ತಪಸ್ಸು ನನ್ನಿಂದಾಗದು. ಪ್ರತಿ ಸೆಪ್ಟೆಂಬರ್‌ನಲ್ಲಿ ಹೊಸ ಗೆಡ್ಡೆ ಕೊಳ್ಳುತ್ತೇನೆ, ದುಬಾರಿಯೇನಲ್ಲ. ಹೂ ಮತ್ತೆ ಮತ್ತೆ ಬರಲೇಬೇಕು ಎನ್ನುವವರು ಇದರ ನೆಂಟ ರೆಟಿಕ್ಯುಲೇಟಾ ನೆಡಲಿ. ಕಾಕಸಸ್, ಪೂರ್ವ ಟರ್ಕಿ, ಇರಾನ್ ಕಡೆಯ ನೇರಳೆ ಹೂ. ನನ್ನ ಕುಂಡದಲ್ಲಿ ಐದು ವರ್ಷದಿಂದ ತಪ್ಪದೆ ಬರುತ್ತಿದೆ. ಅದರ ಗೆಡ್ಡೆ ಕೈಗೆ ಸಿಕ್ಕಿದರೆ ಹೊರಸಿಪ್ಪೆ ನೋಡಿ: ತೆಂಗಿನ ಗರಿಯ ಬುಡದಲ್ಲಿರುವ ಜಾಲರಿಯ ಪುಟ್ಟ ಅಚ್ಚು. ಹೆಸರಿನ ಲ್ಯಾಟಿನ್ ಅರ್ಥವೂ ಬಲೆಯಂಥದ್ದು ಎಂದೇ.

ಬೆಂಗಳೂರಿನಿಂದ: ನಮ್ಮ ಚಳಿ ಇದಕ್ಕೆ ಚಳಿಯೇ ಅಲ್ಲ. ಆನ್‌ಲೈನಿನಲ್ಲಿ ತರಿಸಿದ ರೆಟಿಕ್ಯುಲೇಟಾ ಗೆಡ್ಡೆಗಳನ್ನು ಹತ್ತು ವಾರ ಫ್ರಿಜ್‌ನಲ್ಲಿಟ್ಟೆ. ಮೊದಲ ಸಲ ಸೇಬಿನ ಪಕ್ಕದಲ್ಲಿಟ್ಟಿದ್ದೆ. ಹಣ್ಣು ಬಿಡುವ ಎಥಿಲೀನ್ ಅನಿಲಕ್ಕೆ ಮೊಗ್ಗು ಒಳಗೇ ಸುಟ್ಟುಹೋಗುತ್ತದೆ ಎಂಬುದು ಆಮೇಲೆ ಗೊತ್ತಾಯಿತು. ಎರಡನೆಯ ಸಲ ಹಣ್ಣಿಗೆ ಜಾಗವಿಲ್ಲದಂತೆ ಮಾಡಿ ಇಟ್ಟೆ, ಜನವರಿಯಲ್ಲಿ ಮೂರು ಹೂ ಕಂಡೆ. ಅಷ್ಟರೊಳಗೆ ಅತ್ತೆಯವರು ಸಾಂಬಾರ್ ಈರುಳ್ಳಿ ಎಂದು ಎರಡನ್ನು ಸುಲಿಯಲು ಕುಳಿತಿದ್ದರು. ಐರಿಸ್ ಗೆಡ್ಡೆ ವಿಷ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದಿಡಿ.

ಎಡಿನ್‌ಬರೊದಿಂದ: ತಾಳ್ಮೆಯಿಲ್ಲದೆ ಇವತ್ತೇ ಅಗೆದೆ. ನುಚ್ಚೇ! ನಲವತ್ತರವರೆಗೆ ಎಣಿಸಿ ಬಿಟ್ಟೆ. ಆದರೆ ಕೆಲವದರ ಮೇಲೆ ಶಾಯಿ ಚೆಲ್ಲಿದಂಥ ಕಪ್ಪು ಕಲೆಗಳಿವೆ.

ಲೀಡ್ಸ್‌ನಿಂದ: ಅದು ಶಾಯಿ ರೋಗವೇ, ಶಿಲೀಂಧ್ರದಿಂದ ಬರುವುದು. ಕಲೆಯಿರುವುದನ್ನೆಲ್ಲ ಮಣ್ಣಿನ ಸಮೇತ ಕಸಕ್ಕೆ ಹಾಕಿ, ಗೊಬ್ಬರದ ಗುಂಡಿಗೆ ಬೇಡ. ಉಳಿದವನ್ನು ಹೊಸ ಕುಂಡಕ್ಕೆ, ಈ ಸಲ ಆಳಕ್ಕೆ.