ಮಿಲಿಟರಿ 9 ಎಂಎಂ ಖಾಲಿ ಕೇಸ್: ಹೊಸ ಪ್ರೈಮರ್ ಕೂರುತ್ತಿಲ್ಲ, ಏನು ಮಾಡಬೇಕು?

ಹೇಮಾವತಿ_ದಂಡೆ:
ಊರು ಸಕಲೇಶಪುರ, ಈಗ ಇರೋದು ಟೆಕ್ಸಾಸ್. ಗ್ರೀನ್ ಕಾರ್ಡ್ ಇದೆ, ಪಿಸ್ತೂಲೂ ನನ್ನ ಹೆಸರಲ್ಲೇ ಇದೆ. ಮನೆಯಲ್ಲೇ ಮತ್ತೆ ಗುಂಡು ಮಾಡಿಕೊಳ್ಳೋಕೆ (ರೀಲೋಡ್) ಅಂತ, ಒಮ್ಮೆ ಹಾರಿಸಿದ ಮಿಲಿಟರಿ 9 ಎಂಎಂ ಹಿತ್ತಾಳೆ ಕೇಸ್ (ಗುಂಡಿನ ಖಾಲಿ ಕೋಶ) ಒಂದು ಸಾವಿರ ತರಿಸಿದ್ದೇನೆ. ಹೆಚ್ಚಿನವುಗಳ ತಳದಲ್ಲಿ ಡಬ್ಲ್ಯುಸಿಸಿ (ತಯಾರಿಸಿದ ಕಂಪನಿಯ ಮುದ್ರೆ), ಇಸವಿಯ ಎರಡಂಕಿ, ವೃತ್ತದೊಳಗೆ ಕೂಡು ಗುರುತು. ಹಳೇ ಪ್ರೈಮರ್ (ತಳದ ಗುಳಿಯಲ್ಲಿ ಕೂತು ಹೊಡೆತಕ್ಕೆ ಕಿಡಿ ಕೊಡುವ ಕೇಪು) ಬಿಗಿಯಾಗಿ ಹೊರಬರುತ್ತೆ, ಹೊಸದು ಮಾತ್ರ ಒಳಗೆ ಹೋಗಲ್ಲ. ಒತ್ತಿದರೆ ಅಂಚು ನಜ್ಜಾಗುತ್ತೆ. ಹಳೇ ಪ್ರೈಮರನ್ನ ಹೊರದೂಡುವ ಡೀಕ್ಯಾಪಿಂಗ್ ಪಿನ್ನೂ ಮುರೀತು. ಕೆಲವುದರ ಬಾಯೊಳಗೆ ಟಾರಿನಂಥ ಕಪ್ಪು ಇದೆ. ಗುಳಿಯನ್ನ ಸ್ವೇಜ್ ಮಾಡಲೋ (ಒತ್ತಿ ಅಗಲಿಸೋದು), ರೀಮರ್ ಹಾಕಲೋ (ಕೆತ್ತೋದು)? ತೊಳೆಯೋಕೆ ಬ್ರಾಸೋ ನಡೆಯುತ್ತಾ?

ಕೇಪು_ಕೋವಿ:
ಮೊದಲು ಒತ್ತೋದು ನಿಲ್ಲಿಸಿ. ನಜ್ಜಾದ ಪ್ರೈಮರ್ ಕೈಯಲ್ಲೇ ಸಿಡಿಯಬಹುದು. ಅರ್ಧ ಕೂತು ಎತ್ತರ ನಿಂತರೆ ಸ್ಲೈಡ್ (ಪಿಸ್ತೂಲಿನ ಮೇಲಿನ ಜಾರುವ ಭಾಗ) ಬಡಿದಾಗ ಗುಂಡು ತಾನಾಗೇ ಹಾರಲೂಬಹುದು.

ಕಾರಣ ಸರಳ. ಕೂಡು ಗುರುತು ನೇಟೋದ್ದು. ಮಷಿನ್ ಗನ್ನಿನ ಹೊಡೆತಕ್ಕೆ ಪ್ರೈಮರ್ ಹಿಂದೆ ಸರಿದು ಬೀಳಬಾರದು ಅಂತ ಕಾರ್ಖಾನೆಯಲ್ಲಿ ಗುಳಿಯ ಸುತ್ತಲಿನ ಹಿತ್ತಾಳೆಯನ್ನ ಒಳಕ್ಕೆ ಮಡಚಿರ್ತಾರೆ. ಇದೇ ಕ್ರಿಂಪ್. ಸುತ್ತಲೂ ಉಂಗುರದಂತೆ ಇರಬಹುದು, ಇಲ್ಲವೇ ಮೂರು ಕಡೆ ಚುಚ್ಚಿದಂತೆ. ಹಳೇ ಪ್ರೈಮರ್ ಆ ಮಡಿಕೆಯನ್ನ ಸ್ವಲ್ಪ ತಳ್ಳಿಕೊಂಡೇ ಹೊರಬರುತ್ತೆ, ಆದರೆ ಮಡಿಕೆ ಪೂರ್ತಿ ಹೋಗಲ್ಲ. ಸ್ಮಾಲ್ ಪಿಸ್ಟಲ್ ಪ್ರೈಮರ್ 0.175 ಇಂಚು, ಅಂದರೆ 4.45 ಮಿ.ಮೀ. ಕೂದಲೆಳೆಯಷ್ಟು ಮಡಿಕೆ ಉಳಿದರೂ ಸಿಕ್ಕಿಕೊಳ್ಳುತ್ತೆ.

ಪಿನ್ ಮುರಿಯೋಕೆ ಎರಡು ಕಾರಣ. ಒಂದು, ಕ್ರಿಂಪ್ ಇರುವ ಪ್ರೈಮರನ್ನ ಸೈಜಿಂಗ್ ಡೈಯಲ್ಲೇ (ಹಿಗ್ಗಿದ ಕೇಸನ್ನ ಅಳತೆಗೆ ತರುವ ಅಚ್ಚು) ತೆಗೆಯೋದು. ಇದಕ್ಕೆ ಬೇರೆಯದೇ ಯೂನಿವರ್ಸಲ್ ಡೀಕ್ಯಾಪಿಂಗ್ ಡೈ ಇಟ್ಟುಕೊಳ್ಳಿ. ಕಾಲೆಟ್ (ಪಿನ್ನನ್ನ ಸುತ್ತಲೂ ಬಿಗಿಯುವ ಕೊಳವೆ) ಹಿಡಿತದ್ದಾದರೆ ಹೆಚ್ಚು ಒತ್ತಡ ಬಿದ್ದಾಗ ಪಿನ್ ಮುರಿಯದೆ ಮೇಲಕ್ಕೆ ಜಾರುತ್ತೆ. ಎರಡು, ಬರ್ಡನ್ ಕೇಸ್. ಬಾಕ್ಸರ್ ಕೇಸಿಗೆ ನಡುವೆ ಸುಮಾರು 2 ಮಿ.ಮೀ.ನ ಒಂದೇ ಬೆಂಕಿತೂತು ಇರುತ್ತೆ. ಬರ್ಡನ್‌ನಲ್ಲಿ ಸಾಮಾನ್ಯವಾಗಿ ಎರಡು ಸಣ್ಣ ತೂತು, ನಡುವೆ ದಿಣ್ಣೆ. ಪಿನ್ ಆ ದಿಣ್ಣೆಗೆ ಗುದ್ದುತ್ತೆ. ಟಾರ್ಚ್ ಹಿಡಿದು ಬಾಯಿಂದ ಇಣುಕಿ, ಎರಡು ತೂತು ಕಂಡರೆ ಗುಜರಿಗೆ. ಅದೇ ಸುತ್ತಿನಲ್ಲಿ ಅಯಸ್ಕಾಂತ ಆಡಿಸಿ ಉಕ್ಕಿನವನ್ನ ತೆಗೀರಿ. ಅಲ್ಯುಮಿನಿಯಂ ಕೇಸ್ ಅಂಟೋದಿಲ್ಲ, ಬಣ್ಣ ನೋಡಿ ಆರಿಸಬೇಕು. ಒಳಗೋಡೆಯಲ್ಲಿ ಮೆಟ್ಟಿಲಿನಂಥ ಅಂಚು ಇರೋದನ್ನೂ ಎಸೀರಿ. ಒಳಗಿನ ಜಾಗ ಕಡಿಮೆಯಾಗಿ ಒತ್ತಡ ಏರುತ್ತೆ, ಮೆಟ್ಟಿಲ ಹತ್ತಿರ ಕೇಸ್ ಎರಡು ತುಂಡಾಗೋದೂ ಉಂಟು.

ಸ್ವೇಜೋ ರೀಮರೋ ಅಂದರೆ, ಸಾವಿರಕ್ಕೆ ನಾನು ಸ್ವೇಜ್ ಅಂತೀನಿ. ಗಟ್ಟಿ ಉಕ್ಕಿನ ಗುಂಡಿ ಮಡಿಕೆಯನ್ನ ಪಕ್ಕಕ್ಕೆ ಸರಿಸುತ್ತೆ, ಲೋಹ ಕಡಿಮೆಯಾಗಲ್ಲ. ರೀಮರ್ ಲೋಹ ಕೆತ್ತುತ್ತೆ. ಒಂದು ಸುತ್ತು ಹೆಚ್ಚಾದರೆ ಗುಳಿ ಅಗಲವಾಗಿ ಪ್ರೈಮರ್ ಸಡಿಲ. ಸಡಿಲ ಪ್ರೈಮರಿನ ಪಕ್ಕದಿಂದ ಗ್ಯಾಸ್ ಸೋರಿ ಬ್ರೀಚ್ ಫೇಸ್ (ಕೇಸಿನ ತಳ ಆನುವ ಸ್ಲೈಡಿನ ಮುಖ) ಮೇಲೆ ಸುಟ್ಟ ಗುಳಿ ಬೀಳುತ್ತೆ. ಆಮೇಲೆ ಹೊಸ ಸ್ಲೈಡಿನ ಖರ್ಚು. ಹತ್ತಿಪ್ಪತ್ತು ಕೇಸ್‌ಗಾದರೆ ರೀಮರ್ ಸಾಕು, ಕ್ರಿಂಪಿನ ಗೆರೆ ಮಾಯವಾದ ಕೂಡಲೇ ನಿಲ್ಲಿಸಿ.

ಹಾಸನ_ಲೇತ್:
ಬ್ರಾಸೋ ಬೇಡ. ಅಮೋನಿಯಾ ಇರುವ ಯಾವ ಪಾಲಿಶೂ ಬೇಡ. ಕೇಸಿನ ಹಿತ್ತಾಳೆ 70 ಭಾಗ ತಾಮ್ರ, 30 ಭಾಗ ಸತು. ಎಳೆದು ತಯಾರಿಸಿದ್ದರಿಂದ ಒಳಗೆ ಬಿಗಿತ ಉಳಿದಿರುತ್ತೆ. ಅದಕ್ಕೆ ಅಮೋನಿಯಾ ಮತ್ತು ತೇವ ಸೇರಿದರೆ ಹರಳುಗಳ ನಡುವೆಯೇ ಬಿರುಕು. ಈ ಕಾಯಿಲೆ ಮೊದಲು ಹೆಸರಾಗಿದ್ದು ನಮ್ಮ ದೇಶದಲ್ಲೇ. ಬ್ರಿಟಿಷರ ತೋಟೆಗಳನ್ನ ಮಳೆಗಾಲದಲ್ಲಿ ಕುದುರೆ ಲಾಯದಲ್ಲಿ ಇಟ್ಟಾಗ ತಾವಾಗೇ ಸೀಳುತ್ತಿದ್ದವು. ಗಂಜಲದ ಅಮೋನಿಯಾ ಕಾರಣ ಅಂತ ಪ್ರಯೋಗದಿಂದ ತೋರಿಸಿದ್ದು 1921ರಲ್ಲಿ. ಮಲೆನಾಡಿನ ಕಡೆ ಹಳೇ 12 ಬೋರ್ ಹಿತ್ತಾಳೆ ತೋಟೆಗಳನ್ನ ಕೊಟ್ಟಿಗೆಯ ಅಟ್ಟದಲ್ಲಿ ಇಡೋರಿಗೂ ಇದೇ ಮಾತು.

ಒದ್ದೆ ಟಂಬ್ಲರ್ (ಕೇಸ್‌ಗಳನ್ನ ನೀರಲ್ಲಿ ಉರುಳಿಸಿ ತೊಳೆಯುವ ಡ್ರಮ್ಮು) ಇದ್ದರೆ 3.8 ಲೀಟರ್ (ಒಂದು ಗ್ಯಾಲನ್) ನೀರಿಗೆ ಅರ್ಧ ಟೀ ಚಮಚ ಸಿಟ್ರಿಕ್ ಆಸಿಡ್, ಒಂದು ದೊಡ್ಡ ಚಮಚ ಪಾತ್ರೆ ಸೋಪು, ಸ್ಟೇನ್‌ಲೆಸ್ ಪಿನ್ನು, ಒಂದೂವರೆಯಿಂದ ಎರಡು ಗಂಟೆ. ಆಸಿಡ್ ಹೆಚ್ಚಾದರೆ ಕೇಸ್ ಗುಲಾಬಿಗೆ ತಿರುಗುತ್ತೆ. ಸತು ಕರಗಿ ಮೇಲ್ಮೈಯಲ್ಲಿ ತಾಮ್ರ ಉಳಿದಿದೆ ಅಂತ ಅರ್ಥ. ಮನೆ ಚೆಂಬಿಗೆ ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕುವ ಹಾಗೆ ಇಲ್ಲಿ ಮಾಡಬೇಡಿ. ಉಪ್ಪಿನ ಕ್ಲೋರೈಡ್ ಮೂಲೆಯಲ್ಲಿ ಉಳಿದು ತಿನ್ನುತ್ತೆ. ಎರಡು ಮೂರು ಸಲ ಬರೀ ನೀರಲ್ಲಿ ತೊಳೆದು ಬಿಸಿಲಿಗೆ ಹಾಕಿ. ಓವನ್ ಆದರೆ 90 ಡಿಗ್ರಿ ಸೆಲ್ಸಿಯಸ್ ಮೀರದಿರಲಿ, ಅಡುಗೆಯ ಓವನ್ ಅಂತೂ ಅಲ್ಲವೇ ಅಲ್ಲ. ಪ್ರೈಮರಿನ ಮಸಿಯಲ್ಲಿ ಸೀಸ ಇರುತ್ತೆ, ತೊಳೆಯುವಾಗ ಗ್ಲೌಸ್ ಹಾಕಿ. ತಳ ಕೆಂಪಾಗುವಷ್ಟು ಕಾಯಿಸಿದರೆ ಹಿತ್ತಾಳೆ ಮೆತ್ತಗಾಗುತ್ತೆ, ಆ ಕೇಸ್ ಆಮೇಲೆ ಒತ್ತಡ ತಡೆಯಲ್ಲ.

ಬಾಯೊಳಗಿನ ಕಪ್ಪು, ನೀರು ಹೋಗದಂತೆ ಬಳಿದ ಸೀಲಂಟು. ಬಹಳ ಇದ್ದರೆ ಮಿನರಲ್ ಸ್ಪಿರಿಟ್‌ನಲ್ಲಿ ನೆನೆಸಿ, ಆಮೇಲೆ ಟಂಬ್ಲರ್. ಸೀಲಂಟ್ ಉಳಿದ ಕೇಸನ್ನ ಬಾಯಿ ಅಗಲಿಸುವ ಎಕ್ಸ್‌ಪ್ಯಾಂಡರ್‌ಗೆ ಹಾಕಿದರೆ ಅಂಟು ಎಲ್ಲ ಕಡೆ ಮೆತ್ತುತ್ತೆ.

ಹೇಮಾವತಿ_ದಂಡೆ:
ಅಯಸ್ಕಾಂತ, ಟಾರ್ಚ್ ಎರಡೂ ಆಯ್ತು. ಸ್ವೇಜರ್ ತಂದೆ. ಒಂದೇ ಸೆಟ್ಟಿಂಗ್‌ನಲ್ಲಿ ಕೆಲವು ಸರಿ ಬಂದವು, ಕೆಲವುದರಲ್ಲಿ ಪ್ರೈಮರ್ ಈಗಲೂ ತಡೆಯುತ್ತೆ, ಒಂದೆರಡು ಸಡಿಲ. ಕೆಲವು ಕೇಸ್ ಸೈಜ್ ಆದ ಮೇಲೂ ಬುಡ ಉಬ್ಬಿದ ಹಾಗಿವೆ.

ಕೇಪು_ಕೋವಿ:
ಮುದ್ರೆ ನೋಡಿ ಗುಂಪು ಮಾಡದೆ ಹಾಕಿದ್ದೀರಿ. ಸ್ವೇಜರಿನ ಸರಳು ಕೇಸಿನ ಒಳಗೆ ತಳಕ್ಕೆ ಆತು ನಿಲ್ಲುತ್ತೆ. ಒಂದೊಂದು ಕಂಪನಿಯ ತಳದ ದಪ್ಪ ಒಂದೊಂದು ಥರ, ಹಾಗಾಗಿ ಗುಂಡಿ ಒಂದರಲ್ಲಿ ಆಳಕ್ಕೆ, ಇನ್ನೊಂದರಲ್ಲಿ ಮೇಲಕ್ಕೆ ನಿಲ್ಲುತ್ತೆ. ಡಬ್ಲ್ಯುಸಿಸಿ ಒಂದು ರಾಶಿ, ಉಳಿದವು ತಮ್ಮ ತಮ್ಮ ರಾಶಿ, ಪ್ರತಿ ರಾಶಿಗೆ ಹೊಸದಾಗಿ ಸರಳು ಹೊಂದಿಸಿ. ಹಿಡಿಕೆ ಕೊನೆಗೆ ಬಂದಾಗ ಸಣ್ಣ ತಡೆ ಸಿಗಬೇಕು, ಪೂರಾ ಬಲ ಬೇಕಾದರೆ ಆಳ ಹೆಚ್ಚಾಗಿದೆ. ಮೊದಲ ಐದಾರು ಕೇಸ್‌ಗೆ ಕೈ ಪ್ರೈಮರ್ ಟೂಲಲ್ಲಿ ಪ್ರೈಮರ್ ಹಾಕಿ ನೋಡಿ. ಹೆಬ್ಬೆರಳಿಗೆ ಗಟ್ಟಿ ತಡೆ ಸಿಕ್ಕಿ, ತಳಕ್ಕಿಂತ ಸುಮಾರು 0.1 ಮಿ.ಮೀ. ಒಳಗೆ ಕೂತರೆ ಸರಿ. ತಡೆಯೇ ಇಲ್ಲದೆ ಜಾರಿದ ಕೇಸನ್ನ ಇಕ್ಕಳದಲ್ಲಿ ಅಪ್ಪಚ್ಚಿ ಮಾಡಿ ಎಸೀರಿ, ಮತ್ತೆ ರಾಶಿಗೆ ಸೇರಬಾರದು.

ಬುಡದ ಉಬ್ಬು ಸಬ್‌ಮಷಿನ್ ಗನ್ನಿನದ್ದಿರಬಹುದು, ಅದರ ಚೇಂಬರ್ (ಗುಂಡು ಕೂರುವ ಗೂಡು) ಸಡಿಲ. ಸೈಜಿಂಗ್ ಡೈ, ಕೇಸಿನ ಬುಡ ಹಿಡಿದಿಡುವ ಶೆಲ್ ಹೋಲ್ಡರ್‌ಗಿಂತ ಕೆಳಗೆ ಮುಟ್ಟಲ್ಲ. ನಿಮ್ಮ ಬ್ಯಾರೆಲ್ ಬಿಚ್ಚಿ ಅದರೊಳಗೆ ಕೇಸ್ ಬಿಡಿ, ತನ್ನ ಭಾರಕ್ಕೆ ಟಕ್ ಅಂತ ಕೂತು ತಾನೇ ಹೊರಗೆ ಜಾರಬೇಕು. ಕೂರದಿದ್ದರೆ ಗುಜರಿ. ಒಂಬತ್ತರ ಕೇಸ್ ಸಿಗೋದು ಕಷ್ಟವಲ್ಲ, ಉಬ್ಬು ಇಳಿಸೋ ಸಾಹಸಕ್ಕೆ ಬೆಲೆ ಇಲ್ಲ. ಉದ್ದ ಕತ್ತರಿಸುವ ಟ್ರಿಮ್ಮೂ ಬೇಡ. ಗರಿಷ್ಠ ಉದ್ದ 0.754 ಇಂಚು, ಸೈಜ್ ಮಾಡಿದ ಒಂಬತ್ತರ ಕೇಸ್ ಅಷ್ಟು ಮುಟ್ಟೋದೇ ಅಪರೂಪ. ಕಾರ್ಬೈಡ್ ಡೈಗೆ ಎಣ್ಣೆ ಬೇಡ ಅಂತಾರೆ, ಆದರೂ ಲ್ಯಾನೋಲಿನ್ ಒಂದು ಭಾಗಕ್ಕೆ ಐಸೋಪ್ರೊಪೈಲ್ ಆಲ್ಕೋಹಾಲ್ ಹನ್ನೆರಡು ಭಾಗ ಸೇರಿಸಿ ತೆಳ್ಳಗೆ ಸಿಂಪಡಿಸಿದರೆ ತೋಳಿಗೆ ಆರಾಮ.

ಮೂಡಿಗೆರೆ_ತೋಟ:
ಕಾನೂನಿನ ಎರಡು ಮಾತು, ಓದೋರು ಬೇರೆಯವರೂ ಇರ್ತಾರೆ. ಅಮೆರಿಕದಲ್ಲಿ ಸ್ವಂತ ಬಳಕೆಗೆ ರೀಲೋಡ್ ಮಾಡಲು ಫೆಡರಲ್ ಲೈಸೆನ್ಸ್ ಬೇಡ, ಮಾರೋದಾದರೆ ಬೇಕು. ಎಚ್-1ಬಿ ವೀಸಾದವರಿಗೆ ಬಂದೂಕೂ ಗುಂಡೂ ಸಾಮಾನ್ಯವಾಗಿ ನಿಷಿದ್ಧ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್‌ನಂಥ ಕೆಲವೇ ವಿನಾಯಿತಿ. ಇಲ್ಲಿ ಹಾಸನ, ಚಿಕ್ಕಮಗಳೂರಿನಲ್ಲಿ ಬೆಳೆ ರಕ್ಷಣೆಗೆ ಕೋವಿ ಲೈಸೆನ್ಸ್ ಇದ್ದರೂ ಇದನ್ನ ಅನುಕರಿಸಬೇಡಿ. 1959ರ ಆಯುಧ ಕಾಯ್ದೆಯಲ್ಲಿ ಗುಂಡಿನ ಬಿಡಿಭಾಗ, ಅದನ್ನ ಮಾಡುವ ಯಂತ್ರ ಎರಡೂ ಮದ್ದುಗುಂಡಿನ ಲೆಕ್ಕವೇ, ತಯಾರಿಕೆಗೆ ಬೇರೆ ಲೈಸೆನ್ಸ್ ಬೇಕು. 9 ಎಂಎಂ ಅಂತೂ ನಿಷೇಧಿತ ಬೋರ್.

ಹೇಮಾವತಿಯವರೇ, ಊರಿಗೆ ಬರುವಾಗ ಬ್ಯಾಗಿನ ಮೂಲೆಗಳನ್ನ ಒಮ್ಮೆ ಕೊಡವಿ. ಒಂದು ಖಾಲಿ ಕೇಸ್ ಸಿಕ್ಕರೂ ವಿಮಾನ ನಿಲ್ದಾಣದಲ್ಲಿ ಪೊಲೀಸರ ಮುಂದೆ ನಿಲ್ಲಬೇಕಾಗಬಹುದು.

ಹೇಮಾವತಿ_ದಂಡೆ:
ಸರಿ. ರಾಶಿ ಬೇರೆ ಮಾಡ್ತಿದ್ದೇನೆ. ತೊಳೆದ ಮೇಲೆ ಕೆಲವು ಬೆಂಕಿತೂತಿನಲ್ಲಿ ಟಂಬ್ಲರಿನ ಪಿನ್ ಸಿಕ್ಕಿಕೊಂಡಿದೆ, ಅದೊಂದು ಹೇಳಿ.

ಹಾಸನ_ಲೇತ್:
ಎರಡು ಪಿನ್ ಒಟ್ಟಿಗೆ ತೂರಿ ಸಿಕ್ಕಿರುತ್ತೆ. ಮರದ ಕಡ್ಡಿಯಿಂದ ಒಳಗಿನಿಂದ ಗುದ್ದಿ ತೆಗೀರಿ, ಪ್ರತಿ ಕೇಸನ್ನೂ ಬೆಳಕಿಗೆ ಹಿಡಿದು ತೂತು ಖಾಲಿ ಇದೆಯಾ ನೋಡಿ. ಮುಂದಿನ ಸಲಕ್ಕೆ ಪಿನ್ ಬದಲು ಸ್ಟೇನ್‌ಲೆಸ್ ಚಿಪ್ ಹಾಕಿ, ಚಪ್ಪಟೆ ಇರೋದರಿಂದ ಸಿಕ್ಕೋದು ಕಡಿಮೆ.