ಸಂಪ್ ನೋಡ್‌ನ ಸೆಲ್ 9 ದಿನಕ್ಕೇ ಖಾಲಿ: ಡೀಪ್ ಸ್ಲೀಪ್ ಇದ್ದರೂ ಯಾಕೆ?

ತಾರಸಿಟ್ಯಾಂಕ್
ವೈರ್‌ಲೆಸ್ ಸೆನ್ಸರ್ ನೆಟ್‌ವರ್ಕ್ ಕೋರ್ಸಿನ ಪ್ರಾಜೆಕ್ಟ್. ಬಸವನಗುಡಿಯ ಮೂರು ಮಹಡಿ ಕಟ್ಟಡ, ಕೆಳಗೆ ಸಂಪ್, ತಾರಸಿಯಲ್ಲಿ ಎರಡು ಟ್ಯಾಂಕ್. ಕಾವೇರಿ ನೀರು ಬಿಟ್ಟಾಗ ಸಂಪ್ ಎಷ್ಟು ತುಂಬಿತು, ಮೋಟರ್ ಯಾವಾಗ ಹಾಕಬೇಕು ಅಂತ ಗೊತ್ತಾಗಬೇಕು, ಅಷ್ಟೇ. ಮೂರಕ್ಕೂ ಒಂದೊಂದು ನೋಡ್ (ಅಳೆದು ಕಳಿಸುವ ಘಟಕ), ಪ್ರತಿಯೊಂದರಲ್ಲೂ ಇಎಸ್‌ಪಿ32 ಡೆವ್ ಬೋರ್ಡ್, ಆರ್‌ಎಫ್‌ಎಂ95 ಲೋರಾ ರೇಡಿಯೋ ಮಾಡ್ಯೂಲ್, ಜೆಎಸ್‌ಎನ್-ಎಸ್‌ಆರ್04ಟಿ ಅಲ್ಟ್ರಾಸಾನಿಕ್ ಸೆನ್ಸರ್. 2600 ಎಂಎಎಚ್‌ನ ಒಂದು 18650 ಸೆಲ್‌ನಿಂದ ಎಂಟಿ3608 ಬೂಸ್ಟ್ (ವೋಲ್ಟೇಜ್ ಏರಿಸುವ ಬೋರ್ಡ್) ಮೂಲಕ ಡೆವ್ ಬೋರ್ಡ್‌ಗೂ ಸೆನ್ಸರ್‌ಗೂ 5 ವೋಲ್ಟ್. 15 ನಿಮಿಷಕ್ಕೊಮ್ಮೆ ಎದ್ದು ಅಳತೆ ಕಳಿಸಿ ಮಲಗುತ್ತದೆ. ಡೇಟಾಶೀಟ್‌ನಲ್ಲಿ ಡೀಪ್ ಸ್ಲೀಪ್ (ಚಿಪ್‌ನ ಗಾಢ ನಿದ್ದೆ) 10 ಮೈಕ್ರೋ ಆಂಪ್ ಅಂತಿದೆ, ಸೆಲ್ ಮಾತ್ರ 9 ದಿನಕ್ಕೇ ಮಕಾಡೆ. ಸಂಪ್ ಮುಚ್ಚಳ ಹಾಕಿದರೆ ಪ್ಯಾಕೆಟ್‌ಗಳೂ ಅರ್ಧಕ್ಕರ್ಧ ಬರುವುದಿಲ್ಲ.

ಮಿಲಿಆಂಪ್
2600 ಅನ್ನು 216 ಗಂಟೆಯಿಂದ ಭಾಗಿಸಿ: 12 ಮಿಲಿಆಂಪ್. ಅಂದರೆ ಮಲಗಿರುವುದು ಚಿಪ್ ಮಾತ್ರ, ಬೋರ್ಡ್ ಎದ್ದೇ ಇದೆ. ಬೋರ್ಡ್ ಮೇಲೆ 5 ವೋಲ್ಟನ್ನು 3.3ಕ್ಕೆ ಇಳಿಸುವ ಎಎಂಎಸ್1117 ರೆಗ್ಯುಲೇಟರ್ ಒಂದೇ ಸುಮಾರು 5 ಮಿಲಿಆಂಪ್ ತಿನ್ನುತ್ತದೆ, ಸುಮ್ಮನಿರುವ ಸೆನ್ಸರ್ ಇನ್ನೊಂದು 5, ಅದರ ಮೇಲೆ ಪವರ್ ಎಲ್‌ಇಡಿ. 5 ವೋಲ್ಟ್‌ನಲ್ಲಿ ಹರಿಯುವ ಈ ಕರೆಂಟ್ ಬೂಸ್ಟ್ ದಾಟಿ ಸೆಲ್ ಕಡೆಗೆ ಬರುವಾಗ ಇನ್ನೂ ಹೆಚ್ಚಾಗುತ್ತದೆ. ರೇಡಿಯೋವನ್ನು ಸ್ಲೀಪ್‌ಗೆ ಹಾಕದೆ ಸ್ಟ್ಯಾಂಡ್‌ಬೈನಲ್ಲಿ ಬಿಟ್ಟಿದ್ದರೆ 1.6 ಮಿಲಿಆಂಪ್ ಅಲ್ಲೂ ಹೋಗುತ್ತದೆ.

ಎಲ್‌ಇಡಿ, ಎಎಂಎಸ್1117 ಎರಡನ್ನೂ ಕಿತ್ತು, ಸೆಲ್‌ನಿಂದ ಎಂಸಿಪಿ1700 ರೆಗ್ಯುಲೇಟರ್ ಮೂಲಕ ನೇರ 3.3 ವೋಲ್ಟ್ ಪಿನ್‌ಗೆ ಕೊಡಿ. ಅದು ತಾನೇ ತಿನ್ನುವುದು 1.6 ಮೈಕ್ರೋ ಆಂಪ್. ಆದರೆ ಕೊಡುವುದು 250 ಮಿಲಿಆಂಪ್ ಮಾತ್ರ, ವೈಫೈ ಆನ್ ಮಾಡಿದಿರೋ ಬ್ರೌನ್‌ಔಟ್ (ವೋಲ್ಟೇಜ್ ಕುಸಿದು ರೀಸೆಟ್) ಗ್ಯಾರಂಟಿ.

ಬೂಸ್ಟ್ ಇನ್ನು ಸೆನ್ಸರ್‌ಗೆ ಮಾತ್ರ ಸಾಕು. ಸೆಲ್‌ಗೂ ಅದಕ್ಕೂ ನಡುವೆ ಎಒ3401 ಪಿ-ಚಾನೆಲ್ ಮಾಸ್‌ಫೆಟ್ (ಸ್ವಿಚ್‌ನಂತೆ ಬಳಸುವ ಟ್ರಾನ್ಸಿಸ್ಟರ್) ಹಾಕಿ, ಮಲಗುವಾಗ ಆಫ್ ಮಾಡಿ. ಬೂಸ್ಟ್‌ನ ಎನೇಬಲ್ ಪಿನ್ ಇಳಿಸಿದರೆ ಸಾಲದು, ಒಳಗಿನ ಡಯೋಡ್ ದಾರಿಯಲ್ಲಿ ಸೆಲ್ ವೋಲ್ಟೇಜ್ ಹಾದು ಹೋಗುತ್ತಲೇ ಇರುತ್ತದೆ. ಎಲ್ಲರೂ ಎಡವುವ ಜಾಗ ಇನ್ನೊಂದಿದೆ. ತುಂಬಿದ ಸೆಲ್ 4.2 ವೋಲ್ಟ್, ನಿಮ್ಮ ಜಿಪಿಐಒ (ಇಎಸ್‌ಪಿ32ರ ಔಟ್‌ಪುಟ್ ಪಿನ್) 3.3. ಮಾಸ್‌ಫೆಟ್‌ನ ಗೇಟನ್ನು (ಅದನ್ನು ನಿಯಂತ್ರಿಸುವ ಕಾಲು) ಜಿಪಿಐಒಗೆ ನೇರ ಕಟ್ಟಿದರೆ 0.9 ವೋಲ್ಟ್ ವ್ಯತ್ಯಾಸ ಉಳಿದು ಮಾಸ್‌ಫೆಟ್ ಪೂರ್ತಿ ಮುಚ್ಚುವುದಿಲ್ಲ. ನಡುವೆ ಒಂದು 2ಎನ್7002 (ಪುಟ್ಟ ಎನ್-ಚಾನೆಲ್ ಮಾಸ್‌ಫೆಟ್) ಬೇಕು. ಅದರ ಗೇಟಿಗೆ 100ಕೆ ಪುಲ್-ಡೌನ್ (ಗ್ರೌಂಡ್‌ಗೆ ಕಟ್ಟುವ ರೆಸಿಸ್ಟರ್), ಎಒ3401 ಗೇಟಿಗೆ 100ಕೆ ಪುಲ್-ಅಪ್ (ಸೆಲ್ ಪ್ಲಸ್‌ಗೆ ಕಟ್ಟುವುದು).

ಅಳೆಯುವಾಗ ಮೀಟರನ್ನು ಮೈಕ್ರೋ ಆಂಪ್‌ನಲ್ಲಿಟ್ಟೇ ಆನ್ ಮಾಡಿದರೆ ಬೋರ್ಡ್ ಬೂಟೇ ಆಗದು. ಮೀಟರಿನೊಳಗಿನ ರೆಸಿಸ್ಟರ್ ವೋಲ್ಟೇಜನ್ನು ನುಂಗುತ್ತದೆ. ಮೀಟರಿನ ಎರಡು ತುದಿಗೂ ಒಂದು ವೈರ್ ಅಡ್ಡ ಹಾಕಿ, ನೋಡ್ ಮಲಗಿದ ಮೇಲೆ ತೆಗೆಯಿರಿ.

ತಂತಿಕಡ್ಡಿ
ಮುಚ್ಚಳ ಕಬ್ಬಿಣದ್ದಾ? ಹಾಗಿದ್ದರೆ ಪವರ್ ಏರಿಸಿ ಸುಖವಿಲ್ಲ. ಕೇಬಲ್ ಎಳೆದು ಆಂಟೆನಾ ಹೊರಗೆ ತನ್ನಿ, ಗೋಡೆಯಿಂದ ಒಂದು ಗೇಣು ದೂರದಲ್ಲಿ ನೆಟ್ಟಗೆ ನಿಲ್ಲಿಸಿ. ಲೋರಾ ಲೈಬ್ರರಿಯ ಉದಾಹರಣೆಗಳಲ್ಲಿ 915 ಮೆಗಾಹರ್ಟ್ಸ್ ಅಂತಿರುತ್ತದೆ, ಅದು ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಬಳಸುವ ಬ್ಯಾಂಡ್ ಅಲ್ಲ. 866 ಮೆಗಾಹರ್ಟ್ಸ್‌ಗೆ ಇಡಿ, ಕಾಲು ತರಂಗದ ತಂತಿ 8.6 ಸೆಂಮೀ. ಎಸ್‌ಪಿ ರೋಡಿನಲ್ಲಿ ಆಂಟೆನಾ ತಂದಿದ್ದರೆ ಒಮ್ಮೆ ನೋಡಿ, 433ರದ್ದೂ ಇದೂ ಒಂದೇ ಡಬ್ಬದಲ್ಲಿರುತ್ತವೆ.

ಮೂರೂ ನೋಡ್‌ಗಳನ್ನು ಒಟ್ಟಿಗೆ ಆನ್ ಮಾಡಿದ್ದೀರಾ? ಹಾಗಾದರೆ 15 ನಿಮಿಷಕ್ಕೊಮ್ಮೆ ಮೂರೂ ಒಟ್ಟಿಗೇ ಕೂಗುತ್ತವೆ. ನಿದ್ದೆಗೆ 0ರಿಂದ 30 ಸೆಕೆಂಡಿನ ರ್‍ಯಾಂಡಮ್ ಸಮಯ ಸೇರಿಸಿ. ಎಸ್‌ಎಫ್12 (ಸ್ಪ್ರೆಡಿಂಗ್ ಫ್ಯಾಕ್ಟರ್, ಹೆಚ್ಚಿದಷ್ಟೂ ಕಳಿಸುವುದು ನಿಧಾನ) ಬಿಟ್ಟು ಎಸ್‌ಎಫ್7ರಿಂದ ಶುರು ಮಾಡಿ: 12ರಲ್ಲಿ ಪುಟ್ಟ ಪ್ಯಾಕೆಟ್ ಕೂಡ ಹತ್ತಿರ ಒಂದು ಸೆಕೆಂಡ್ ಗಾಳಿಯಲ್ಲಿರುತ್ತದೆ, 7ರಲ್ಲಿ 50 ಮಿಲಿಸೆಕೆಂಡಿನೊಳಗೆ ಮುಗಿಯುತ್ತದೆ. ಪ್ಯಾಕೆಟ್‌ಗೆ ಸೀಕ್ವೆನ್ಸ್ ನಂಬರ್ ಹಾಕಿ, ಅದನ್ನು ನಿದ್ದೆಯಲ್ಲೂ ಅಳಿಯದ ಆರ್‌ಟಿಸಿ ಮೆಮೊರಿಯಲ್ಲಿಡಿ. ಇಲ್ಲದಿದ್ದರೆ ಪ್ರತಿ ಸಲ ಎದ್ದಾಗಲೂ 0 ಆಗುತ್ತದೆ, ವೈವಾದಲ್ಲಿ ಎಷ್ಟು ಕಳೆದುಹೋಯಿತು ಅಂತ ಕೇಳಿದರೆ ಬಾಯಿ ಬಾಯಿ ಬಿಡಬೇಕಾಗುತ್ತದೆ.

ತಾರಸಿಟ್ಯಾಂಕ್
ಕಬ್ಬಿಣದ್ದೇ. ಮೂರೂ ಒಂದೇ ಸ್ವಿಚ್‌ನಲ್ಲಿ ಆನ್. 2ಎನ್7002 ಬದಲು ಬಿಸಿ547 ಟ್ರಾನ್ಸಿಸ್ಟರ್ ನಡೆಯುತ್ತಾ?

ಮಿಲಿಆಂಪ್
ನಡೆಯುತ್ತೆ, ಬೇಸ್‌ಗೆ 10ಕೆ ಹಾಕಿ. ಸೆನ್ಸರ್‌ನ ಎಕೋ ಪಿನ್ 5 ವೋಲ್ಟ್ ಕೊಡುತ್ತದೆ, ಅದನ್ನು 3.3ಕ್ಕೆ ಇಳಿಸುವ 1ಕೆ-2ಕೆ ಡಿವೈಡರ್ ಮರೆಯಬೇಡಿ. ಮಲಗುವ ಮುಂಚೆ ಟ್ರಿಗರ್ ಪಿನ್ ಇಳಿಸಿ, ಇಲ್ಲದಿದ್ದರೆ ಆಫ್ ಆದ ಸೆನ್ಸರ್‌ಗೆ ಅದರಿಂದಲೇ ಕರೆಂಟ್ ನುಸುಳುತ್ತದೆ. ಈ ಸೆನ್ಸರ್ 25 ಸೆಂಮೀಗಿಂತ ಹತ್ತಿರದ್ದನ್ನು ಸರಿಯಾಗಿ ಓದುವುದಿಲ್ಲ, ತುಂಬಿದ ನೀರಿನ ಮಟ್ಟದಿಂದ ಅಷ್ಟು ಮೇಲಿರಲಿ. ತಾರಸಿಯ ಟ್ಯಾಂಕಿನೊಳಗೆ ಬೆಳಗ್ಗೆ 20 ಡಿಗ್ರಿ ಇದ್ದದ್ದು ಮಧ್ಯಾಹ್ನ 40ಕ್ಕೆ ಹೋದರೆ ಶಬ್ದದ ವೇಗವೇ ಸುಮಾರು ಶೇ. 3.5 ಬದಲಾಗುತ್ತದೆ, ಒಂದು ಮೀಟರಿಗೆ ಮೂರೂವರೆ ಸೆಂಮೀ ತಪ್ಪು. ಒಂದು ಡಿಎಸ್18ಬಿ20 ತಾಪಮಾನ ಸೆನ್ಸರ್ ಸೇರಿಸಿ. ಸಂಪ್‌ಗೆ ಅದು ಬೇಡ.